ಸುರಂಗದೊಳಗೆ ಬೆಂಕಿ ಬಿದ್ದರೆ?

ಪ್ರಶ್ನೆ: ನಗರದ ಉದ್ದನೆಯ ಸುರಂಗ ರಸ್ತೆಯಲ್ಲಿ ವಾಹನಕ್ಕೆ ಬೆಂಕಿ ಹೊತ್ತಿಕೊಂಡರೆ ಹಿಂದಿದ್ದವರ ಗತಿಯೇನು?

ಉತ್ತರ: ಮೊದಲು ಹೊಸ ವಾಹನಗಳು ಒಳಬರದಂತೆ ತಡೆಯಬೇಕು. ಅದಕ್ಕೆ ಬೆಂಕಿ ಬೇಗ ಪತ್ತೆಯಾಗಬೇಕು. ಟೋಕಿಯೊದ ಯಾಮಾತೆ ರಸ್ತೆ ಸುರಂಗವನ್ನೇ ನೋಡಿ: 2015ರಲ್ಲಿ ಪೂರ್ಣಗೊಂಡಿತು, ಉದ್ದ 18.2 ಕಿ.ಮೀ. ಅಲ್ಲಿ 25 ಮೀಟರಿಗೊಂದು ಬೆಂಕಿ ಪತ್ತೆ ಸಾಧನ, 100 ಮೀಟರಿಗೊಂದು ಕ್ಯಾಮೆರಾ ಇವೆ. ಬೆಂಕಿಯ ಮುಂದಿರುವವರು ಹಾಗೇ ಓಡಿಸಿಕೊಂಡು ಪಾರಾಗಬಹುದು. ಸಿಕ್ಕಿಬೀಳುವವರು ಹಿಂದಿನವರೇ. ಬೆಂಕಿಗಿಂತ ಹೊಗೆಯೇ ಹೆಚ್ಚು ಜನರನ್ನು ಕೊಲ್ಲುತ್ತದೆ. ಆದ್ದರಿಂದ ಕಾರಿನ ಮೋಹ ಬಿಡಿ: ಎಂಜಿನ್ ಆರಿಸಿ, ಕೀಲಿ ಕಾರಿನಲ್ಲೇ ಬಿಟ್ಟು, ತುರ್ತು ಬಾಗಿಲಿನತ್ತ ನಡೆಯಿರಿ. ಯಾಮಾತೆಯಲ್ಲಿ 350 ಮೀಟರಿನೊಳಗೆ ಅಂಥದ್ದೊಂದು ಸಿಗುತ್ತದೆ. ನನಗೆ ಬಹಳ ಮೆಚ್ಚುಗೆಯಾದದ್ದು ಅಲ್ಲಿನ ಬೈಕ್ ದಳ. ಕಾರುಗಳು ಸಾಲುಗಟ್ಟಿ ನಿಂತಾಗ ನೆರವಿಗೆ ಬರುವ ದೊಡ್ಡ ವಾಹನಗಳು ನುಗ್ಗಲಾರವು. ಬೈಕಿನವರು ಸಂದಿಯಲ್ಲಿ ನುಸುಳಿ ಮೊದಲು ಸ್ಥಳ ತಲುಪುತ್ತಾರೆ.