ನಿಮಗಿದು ಗೊತ್ತೆ? ಹಳೇ ಕಾಲದ ಹುಡುಗಿ ಬ್ರೆಜಿಲ್‌ನವಳು!

ಹಿಂದಿಯ ‘ಲವ್ ಆಜ್ ಕಲ್’ (2009) ಚಿತ್ರದಲ್ಲಿ ತಲೆ ತಗ್ಗಿಸಿ ನಡೆಯುವ ಹಳೇ ಕಾಲದ ಪಂಜಾಬಿ ಹುಡುಗಿ ಹರ್‌ಲೀನ್ ಆಗಿದ್ದು ಬ್ರೆಜಿಲ್‌ನ ರೂಪದರ್ಶಿ ಜಿಸೆಲಿ ಮೊಂಟೇರೊ! ಸಲ್ವಾರ್, ದುಪಟ್ಟಾ ತೊಟ್ಟ ಆಕೆ ಮಾತಿಗಿಂತ ನೋಟದಲ್ಲೇ ಗೆದ್ದರು.

ಇದೇ ಕತೆ 2011ರಲ್ಲಿ ತೆಲುಗಿನಲ್ಲಿ ‘ತೀನ್ ಮಾರ್’ ಆಯಿತು. ಒಂದು ಪ್ರೇಮ ಇಂದಿನದು, ಇನ್ನೊಂದು ಹಿಂದಿನ ತಲೆಮಾರಿನದು. ಎರಡಕ್ಕೂ ನಾಯಕ ಪವನ್ ಕಲ್ಯಾಣ್. ನಾಯಕಿಯರು ಮಾತ್ರ ಬೇರೆ ಬೇರೆ. ಇಂದಿನ ಹುಡುಗಿಯಾಗಿ ತ್ರಿಷಾ, ಹಳೇ ಕಾಲದ ಹುಡುಗಿಯಾಗಿ ಕೃತಿ ಖರಬಂದ ನಟಿಸಿದರು. ನಿರ್ದೇಶನ ಜಯಂತ್ ಸಿ. ಪರಾನ್ಜಿ ಅವರದು, ಸಂಭಾಷಣೆ ಬರೆದವರು ತ್ರಿವಿಕ್ರಮ್ ಶ್ರೀನಿವಾಸ್.

ಅಂದಹಾಗೆ, ಕೃತಿ ಬೆಳೆದದ್ದು ಬೆಂಗಳೂರಿನಲ್ಲಿ. 2013ರ ‘ಗೂಗ್ಲಿ’ಯಲ್ಲಿ ಯಶ್‌ಗೆ ಜೋಡಿಯಾದ ಡಾಕ್ಟರ್ ಸ್ವಾತಿ ಇವರೇ.