ಹದಿಮೂರು ಸೆಕೆಂಡಿಗಾಗಿ ರೈಲು ಹತ್ತಿ

ನವೆಂಬರ್ ಬಂತೆಂದರೆ ಮುಂಬೈ ಹೊರವಲಯದ ಡೊಂಬಿವಲಿ, ಕಲ್ಯಾಣದ ತುಳು-ಕನ್ನಡ ಮನೆಗಳಲ್ಲಿ ಎರಡು ವೇಳಾಪಟ್ಟಿಗಳನ್ನು ಪಕ್ಕಪಕ್ಕ ಇಟ್ಟು ನೋಡುವುದು ಶುರುವಾಗುತ್ತದೆ. ಒಂದು ಮಕ್ಕಳ ಶಾಲೆಯದು, ಇನ್ನೊಂದು ಕರಾವಳಿಯ ಊರಿನ ಕೋಣದೋಟ ಕಂಬಳದ್ದು. ಮೂಡುಬಿದಿರೆ, ಐಕಳ, ಮಿಯ್ಯಾರು, ಕಟಪಾಡಿ, ವೇಣೂರು, ಪುತ್ತೂರು ಹೀಗೆ ವಾರಾಂತ್ಯಗಳನ್ನು ಹಂಚಿಕೊಂಡು ಬೇಸಿಗೆಯವರೆಗೂ ನಡೆಯುವ ಓಟಗಳಲ್ಲಿ ಯಾವುದು ರಜೆಗೆ ಹೊಂದೀತು ಎಂಬ ಲೆಕ್ಕಾಚಾರ. ಹೊಂದಿದರೆ ಊರಿಗೆ ಹೋಗುವ ಮತ್ಸ್ಯಗಂಧಾ ರೈಲಿಗೆ ಟಿಕೆಟ್. ಡೊಂಬಿವಲಿ, ಕಲ್ಯಾಣದವರು ಲೋಕಲ್‌ನಲ್ಲಿ ಠಾಣೆಗೆ ಬಂದು ಹತ್ತುತ್ತಾರೆ, ನವಿ ಮುಂಬೈಯವರು ಪನ್ವೇಲ್‌ನಲ್ಲಿ. ಕೊಂಕಣ ರೈಲು 1998ರಲ್ಲಿ ಉದ್ದಕ್ಕೂ ಓಡತೊಡಗುವ ಮೊದಲು ಘಟ್ಟದ ತಿರುವುಗಳಲ್ಲಿ ವಾಂತಿ ಮಾಡುತ್ತ ಬಸ್ಸಿನಲ್ಲಿ ಹೋದ ತಲೆಮಾರಿಗೆ, ಎರಡು ದಿನದ ಮಟ್ಟಿಗೆ ಮಕ್ಕಳನ್ನು ಕಂಬಳಕ್ಕೆ ಕರೆದೊಯ್ಯುವುದು ಈಗಲೂ ಶ್ರೀಮಂತಿಕೆಯಂತೆ ಕಾಣುತ್ತದೆ.

ಇಷ್ಟೆಲ್ಲ ಮಾಡಿ ಮಗು ನೋಡುವುದಾದರೂ ಎಷ್ಟು? 2020ರ ಫೆಬ್ರವರಿ 1ರಂದು ಐಕಳದಲ್ಲಿ ಅಶ್ವತ್ಥಪುರದ ಓಟಗಾರ ಶ್ರೀನಿವಾಸ ಗೌಡ ಕೋಣಗಳೊಂದಿಗೆ 142.5 ಮೀಟರ್ ಕರೆಯನ್ನು, ಅಂದರೆ ಕೆಸರಿನ ಓಟದ ಹಾದಿಯನ್ನು, 13.62 ಸೆಕೆಂಡಿನಲ್ಲಿ ಮುಗಿಸಿದರು. ಅದೇ ತಿಂಗಳು ವೇಣೂರಿನಲ್ಲಿ ಬಜಗೋಳಿಯ ನಿಶಾಂತ್ ಶೆಟ್ಟಿ 143 ಮೀಟರನ್ನು 13.61 ಸೆಕೆಂಡಿನಲ್ಲಿ ಓಡಿದರು. ಮೊದಲ ಸಲ ಕಂಬಳ ಕಂಡ ನಮ್ಮ ಮನೆಯ ಆರು ವರ್ಷದ ಹುಡುಗ ಒಂದು ಜೋಡಿ ಕರೆಯ ಕೊನೆಯ ಮಂಜೊಟ್ಟಿ ಮುಟ್ಟುತ್ತಿದ್ದಂತೆ ಅಜ್ಜನ ಮುಖ ನೋಡಿ, “ಅಜ್ಜ, ಮುಗೀತಾ?” ಎಂದ. “ಇಲ್ಲ ಮಗಾ, ನಾಳೆ ಬೆಳಿಗ್ಗೆವರೆಗೆ ಉಂಟು” ಎಂದರು ಅಜ್ಜ. ಇಬ್ಬರೂ ಹೇಳಿದ್ದು ಸರಿ.

ಶ್ರೀನಿವಾಸ ಗೌಡರ ಓಟವನ್ನು ನೂರು ಮೀಟರಿಗೆ ಇಳಿಸಿ 9.55 ಸೆಕೆಂಡ್ ಎಂದು ಲೆಕ್ಕ ಹಾಕಿ, ಉಸೇನ್ ಬೋಲ್ಟ್‌ರ 9.58ರ ಪಕ್ಕದಲ್ಲಿಟ್ಟು ದೇಶವೆಲ್ಲ ಕುಣಿದದ್ದು ನೆನಪಿರಬಹುದು. ಗಂಟೆಗೆ ಸುಮಾರು 37.7 ಕಿಲೋಮೀಟರ್. ಆದರೆ ಹಗ್ಗ ಹಿಡಿದವನನ್ನು ಎರಡು ಕೋಣಗಳು ಎಳೆಯುತ್ತಿರುತ್ತವೆ ಎಂಬುದನ್ನು ಕ್ರೀಡಾ ಪ್ರಾಧಿಕಾರದ ಟ್ರಯಲ್ಸ್‌ಗೆ ಹೋಗಲು ಒಪ್ಪದ ಶ್ರೀನಿವಾಸ ಗೌಡರೇ ಬೇರೆಯವರಿಗಿಂತ ಚೆನ್ನಾಗಿ ಬಲ್ಲರು. ಮಕ್ಕಳಿಗಂತೂ ಈ ಅಂಕಿ ದೊಡ್ಡದಲ್ಲ. ಡೊಂಬಿವಲಿಯ ಪ್ಲಾಟ್‌ಫಾರ್ಮಿನಲ್ಲಿ ನಿಂತು ದೂರದ ಎಕ್ಸ್‌ಪ್ರೆಸ್ ಸುಯ್ಯೆಂದು ಹೋಗುವುದನ್ನು ದಿನಾ ನೋಡುವ ಮಗುವಿಗೆ ಮೂವತ್ತೇಳು ಯಾವ ಲೆಕ್ಕ? ನೆಲದ ಮೇಲಿನ ವೇಗದ ವಿಶ್ವದಾಖಲೆಯೇ ಗಂಟೆಗೆ 1,228 ಕಿಲೋಮೀಟರ್. 1997ರ ಅಕ್ಟೋಬರ್ 15ರಂದು ಅಮೆರಿಕದ ಬ್ಲ್ಯಾಕ್ ರಾಕ್ ಮರುಭೂಮಿಯಲ್ಲಿ ಆಂಡಿ ಗ್ರೀನ್ ಥ್ರಸ್ಟ್ ಎಸ್‌ಎಸ್‌ಸಿ ಕಾರನ್ನು ಶಬ್ದಕ್ಕಿಂತ ಮುಂದೆ ಓಡಿಸಿದರು. ಅಲ್ಲಿ ಒಂದು ತಾಸಿನೊಳಗೆ ಹಿಂದಕ್ಕೂ ಓಡಿ ತೋರಿಸಿ, ಎರಡರ ಸರಾಸರಿ ತೆಗೆದರೇನೇ ದಾಖಲೆ. ಪುಣ್ಯಕ್ಕೆ ನಮ್ಮ ಕೋಣಗಳಿಗೆ ಆ ನಿಯಮವಿಲ್ಲ. 1949ರಿಂದ ‘ಸ್ಪೀಡ್ ವೀಕ್’ ಎಂಬ ವೇಗದ ಓಟಗಳು ನಡೆಯುವ ಅಮೆರಿಕದ ಬಾನೆವಿಲ್‌ನ ಉಪ್ಪುಬಯಲಿನಲ್ಲೂ ನೋಡುಗರಿಗೆ ಸಿಗುವುದು ಬಹುಪಾಲು ಬಿಸಿಲು ಮತ್ತು ಕಾಯುವಿಕೆಯೇ.

ಹಾಗಾಗಿ ಮಗುವನ್ನು ಗಡಿಯಾರದ ಕಡೆ ತಿರುಗಿಸುವುದು ದಂಡ. ಓಟಕ್ಕೆ ಮೊದಲು ಕೋಣಗಳನ್ನು ಕಟ್ಟಿದ ಜಾಗಕ್ಕೆ ಕರೆದುಕೊಂಡು ಹೋಗಿ, ಯಜಮಾನರನ್ನು ಕೇಳಿ ಹತ್ತಿರ ನಿಲ್ಲಿಸಿ. ಹುರುಳಿ ತಿಂದು, ಎಣ್ಣೆ ಹಚ್ಚಿಸಿಕೊಂಡು, ಕರಿ ಕಲ್ಲಿನ ಹಾಗೆ ಮಿಂಚುವ ಮೈ. ನೀರು ಹೊಯ್ದರೆ ಆ ಎಣ್ಣೆಯ ಮೇಲೆ ಹನಿಗಳು ನಿಲ್ಲದೆ ಜಾರುತ್ತವೆ. ಹಣೆಪಟ್ಟಿ ಕಟ್ಟುವಾಗ ಕೋಣ ಉಸಿರು ಬಿಟ್ಟರೆ ಎದುರಿಗಿದ್ದವರ ಅಂಗಿಗೆ ತಟ್ಟುತ್ತದೆ. ನಮ್ಮ ಹುಡುಗ ಎರಡು ಹೆಜ್ಜೆ ಹಿಂದೆ ಸರಿದ, ಆಮೇಲೆ ಒಂದು ಹೆಜ್ಜೆ ಮುಂದೆ ಬಂದ. ಹದಿಮೂರು ಸೆಕೆಂಡ್ ಅವನಿಗೆ ಅರ್ಥವಾದದ್ದು ಅದಾದ ಮೇಲೆಯೇ.

ಕಂಬಳದ ವಿಭಾಗಗಳಲ್ಲಿ ಚಿಕ್ಕವರಿಗೆ ಹೇಳಿ ಮಾಡಿಸಿದ್ದು ಕನೆಹಲಗೆ. ಹಗ್ಗ, ನೇಗಿಲಿನಲ್ಲಿ ಯಾರು ಗೆದ್ದರೆಂದು ತಿಳಿಯಲು ಮೈಕಿಗೆ ಕಿವಿಗೊಡಬೇಕು. ಕನೆಹಲಗೆಯಲ್ಲಿ ಹಾಗಿಲ್ಲ. ಓಟಗಾರ ತೂತಿರುವ ಹಲಗೆಯ ಮೇಲೆ ಕಾಲೂರಿ ನಿಲ್ಲುತ್ತಾನೆ, ಕೋಣಗಳು ಎಳೆದಂತೆ ತೂತಿನಿಂದ ನೀರು ಕಾರಂಜಿಯಾಗಿ ಚಿಮ್ಮುತ್ತದೆ. ಆರೂವರೆ ಕೋಲು, ಏಳೂವರೆ ಕೋಲು ಎತ್ತರಕ್ಕೆ ಅಡ್ಡ ಕಟ್ಟಿದ ನಿಶಾನಿ ಬಟ್ಟೆ ಒದ್ದೆಯಾದರೆ ಗೆದ್ದಂತೆ. ಅದಕ್ಕೆ ವಿವರಣೆ ಬೇಡ, ಮೂರು ವರ್ಷದ ಮಗುವೂ ಚಪ್ಪಾಳೆ ತಟ್ಟುತ್ತದೆ.

ಓಟಗಾರನ ಕೈಯ ಬೆತ್ತದ ಬಗ್ಗೆ ಮಗು ಕೇಳಿಯೇ ಕೇಳುತ್ತದೆ. “ಯಾಕೆ ಹೊಡೀತಾರೆ?” ಚರುಮುರಿ ಕೊಡಿಸಿ ಮಾತು ಮರೆಸುವುದು ಸುಲಭ. ಆದರೆ ದೇಶದ ಸುಪ್ರೀಂ ಕೋರ್ಟೇ ವರ್ಷಗಟ್ಟಲೆ ತಲೆಕೆಡಿಸಿಕೊಂಡ ಪ್ರಶ್ನೆ ಅದು. 2014ರ ಮೇ 7ರ ತೀರ್ಪಿನಿಂದ ಜಲ್ಲಿಕಟ್ಟು, ಎತ್ತಿನಗಾಡಿ ಓಟಗಳು ನಿಂತವು, ಕಂಬಳಕ್ಕೂ ಅದರ ಬಿಸಿ ತಟ್ಟಿತು. 2017ರಲ್ಲಿ ಕರ್ನಾಟಕ ಕಂಬಳಕ್ಕಾಗಿ ಪ್ರಾಣಿಹಿಂಸೆ ತಡೆ ಕಾಯ್ದೆಯನ್ನು ತಿದ್ದಿತು. 2023ರ ಮೇ 18ರಂದು ಸಂವಿಧಾನ ಪೀಠ ತಮಿಳುನಾಡು, ಕರ್ನಾಟಕ, ಮಹಾರಾಷ್ಟ್ರ ಮೂರೂ ರಾಜ್ಯಗಳ ತಿದ್ದುಪಡಿಗಳನ್ನು ಎತ್ತಿಹಿಡಿಯಿತು. ಕಲ್ಯಾಣ, ಪನ್ವೇಲ್ ಕಡೆಯ ಹಳ್ಳಿಗಳ ಎತ್ತಿನಗಾಡಿ ಓಟ, ಬೈಲ್‌ಗಾಡಾ ಶರ್ಯತ್ತು, ಉಳಿದುಕೊಂಡದ್ದೂ ಅದೇ ತೀರ್ಪಿನಿಂದ. ಊರಿಗೆ ಹೋಗಲಾಗದ ವರ್ಷ ಅದನ್ನೇ ತೋರಿಸಬಹುದು; ಧೂಳು ಜಾಸ್ತಿ, ಗಾಡಿ ದಾರಿ ಬಿಟ್ಟು ಜನರತ್ತ ನುಗ್ಗುವ ಭಯವೂ ಇದೆ, ಹಾಗಾಗಿ ದೂರ ನಿಲ್ಲಬೇಕು. ಬೆತ್ತದ ಪ್ರಶ್ನೆಗೆ ನನ್ನ ಉತ್ತರ ಇಷ್ಟೇ: ಹೊಡೆದರೆ ನೋವಾಗುತ್ತದೆ, ಹೊಡೆಯದೆ ಓಡಿಸಬೇಕೆಂದು ಕೇಳುವವರೂ ಇದ್ದಾರೆ, ಆ ಜಗಳ ಇನ್ನೂ ಮುಗಿದಿಲ್ಲ. ಮಕ್ಕಳು ಸ್ವಲ್ಪ ದೊಡ್ಡವರಾದರೆ ಇನ್ನೊಂದು ಮಾತನ್ನೂ ಹೇಳಬೇಕು. ಕೋಣಗಳಿಗಿಂತ ಮೊದಲು ಕೊರಗ ಸಮುದಾಯದವರನ್ನು ಕರೆಯಲ್ಲಿ ಓಡಿಸುತ್ತಿದ್ದ ಕಾಲವಿತ್ತು. ಅಂಥ ಅಜಲು ಪದ್ಧತಿಯನ್ನು ಕರ್ನಾಟಕ 2000ದಲ್ಲಿ ಕಾಯ್ದೆ ಮಾಡಿ ನಿಷೇಧಿಸಿತು. ಊರಿನ ಹೆಮ್ಮೆ ಹೇಳುವ ಬಾಯಲ್ಲೇ ಇದೂ ಬರಲಿ.

ಇನ್ನು ಎಲ್ಲಿ ನಿಲ್ಲಬೇಕು? ಕರೆಯ ಮಧ್ಯಭಾಗದಲ್ಲಿ, ಬೇಲಿಯಿಂದ ಹಿಂದೆ. ಮಂಜೊಟ್ಟಿಯ ಹತ್ತಿರ ಮಾತ್ರ ಬೇಡವೇ ಬೇಡ. ಗುರಿ ಮುಟ್ಟಿದ ಕೋಣಗಳು ಅಲ್ಲಿಗೇ ನಿಲ್ಲುವುದಿಲ್ಲ, ಏರು ಹತ್ತಿ ನುಗ್ಗುತ್ತವೆ, ಹಿಡಿಯಲು ನಾಲ್ಕಾರು ಜನ ಬೇಕು. ಫೋಟೊ ಚೆನ್ನಾಗಿ ಬರುತ್ತದೆಂದು ಮಗುವನ್ನು ಹೆಗಲೇರಿಸಿಕೊಂಡು ಅಲ್ಲೇ ನಿಲ್ಲುವ ಅಪ್ಪಂದಿರನ್ನು ಪ್ರತಿ ಕಂಬಳದಲ್ಲೂ ಕಾಣಬಹುದು. ಧ್ವನಿವರ್ಧಕದ ಕೆಳಗೂ ಕೂರಿಸಬೇಡಿ. ಬದಲಿ ಬಟ್ಟೆ ಎರಡು ಜೊತೆ ಇರಲಿ, ಕೆಸರು ಯಾರನ್ನೂ ಬಿಡುವುದಿಲ್ಲ.

ಹೊನಲು ಬೆಳಕಿನಲ್ಲಿ ರಾತ್ರಿಯಿಡೀ ಕೂರುವ ಹುಚ್ಚು ದೊಡ್ಡವರಿಗಿರಲಿ. ಶನಿವಾರ ಹಗಲು ಕನೆಹಲಗೆ ನೋಡಿ ಅಜ್ಜಿ ಮನೆಯಲ್ಲಿ ಮಲಗಿಸಿ, ಭಾನುವಾರ ಬೆಳಿಗ್ಗೆ ಫೈನಲ್‌ಗೆ ಮತ್ತೆ ಬಂದರಾಯಿತು. ಫೈನಲ್ ತಡವಾದರೆ ಮಧ್ಯಾಹ್ನದ ಮತ್ಸ್ಯಗಂಧಾ ತಪ್ಪುತ್ತದೆ. ಆಗ ಸೋಮವಾರದ ಶಾಲೆಗೆ ರಜೆ ಚೀಟಿ ಬರೆಯುವ ಕೆಲಸ ಅಜ್ಜನ ಪಾಲಿಗೆ.