ಕೌಂಟ್ ಇಳಿದಾಗ ಜ್ವರ ಬಂದರೆ

ಲ್ಯುಕೇಮಿಯಾ ಚಿಕಿತ್ಸೆಗೆಂದು ಮುಂಬೈ ಪರೇಲಿನ ಟಾಟಾ ಆಸ್ಪತ್ರೆಗೆ ಕರ್ನಾಟಕದಿಂದಲೂ ರೋಗಿಗಳು ಹೋಗುತ್ತಾರೆ. ಕಿಮೋ ಮುಗಿಸಿ ದಾದರಿನ ಗಾಡ್ಗೆ ಮಹಾರಾಜ್ ಧರ್ಮಶಾಲೆಯಲ್ಲೋ ಡೊಂಬಿವಲಿಯ ನೆಂಟರ ಮನೆಯಲ್ಲೋ ಉಳಿದುಕೊಳ್ಳುವ ಒಂದೆರಡು ವಾರವೇ ಬಹಳ ಎಚ್ಚರ ಬೇಕಾದ ಕಾಲ. ಸೋಂಕಿಗೆ ಮೊದಲು ಎದುರಾಗುವ ನ್ಯೂಟ್ರೋಫಿಲ್ ಕಣಗಳು ಮೈಕ್ರೊಲೀಟರ್ ರಕ್ತಕ್ಕೆ 500ಕ್ಕಿಂತ ಕೆಳಗಿಳಿದರೆ, ಕರುಳಿನಲ್ಲಿ ತೆಪ್ಪಗಿದ್ದ ಕ್ಲೆಬ್ಸಿಯೆಲ್ಲಾ, ಇ. ಕೋಲೈ ಬ್ಯಾಕ್ಟೀರಿಯಾಗಳು ರಕ್ತಕ್ಕೆ ನುಗ್ಗಬಲ್ಲವು. ಬಾಯಿಹುಣ್ಣು, ಔಷಧ ಕೊಡಲು ತೋಳಿನ ರಕ್ತನಾಳಕ್ಕೆ ಹಾಕಿರುವ ಪಿಕ್ ಲೈನ್ ಎಂಬ ಕೊಳವೆ ಕೂಡ ಅವಕ್ಕೆ ದಾರಿ.

ಮೈಯ ರಕ್ತವೆಲ್ಲ ಶ್ವಾಸಕೋಶವನ್ನು ಹಾದೇ ಹೋಗಬೇಕು, ಹಾಗಾಗಿ ರಕ್ತಕ್ಕೆ ನುಗ್ಗಿದ ಬ್ಯಾಕ್ಟೀರಿಯಾವೂ ಅಲ್ಲಿಗೆ ಮುಟ್ಟುತ್ತವೆ. ಸೋಂಕಿನ ಉರಿಯೂತಕ್ಕೆ ಅಲ್ಲಿನ ಸಪೂರ ರಕ್ತನಾಳಗಳ ಗೋಡೆ ಸಡಿಲಗೊಂಡು ಗಾಳಿಚೀಲಗಳಲ್ಲಿ ನೀರು ತುಂಬುತ್ತದೆ, ಉಸಿರು ಸಾಲದಾಗುತ್ತದೆ. ಕೆಲವರಲ್ಲಿ ಬ್ಯಾಕ್ಟೀರಿಯಾ ಅಲ್ಲೇ ನೆಲೆಯೂರಿ ನ್ಯುಮೋನಿಯಾ ಆಗುತ್ತದೆ. ಕೀವು ಕಟ್ಟುವ ಕಣಗಳೇ ಇಲ್ಲದ್ದರಿಂದ ಕಫ ಬರಲಿಕ್ಕಿಲ್ಲ, ಎಕ್ಸ್‌ರೇಯಲ್ಲೂ ಮೊದಮೊದಲು ಏನೂ ಕಾಣದಿರಬಹುದು. ವೈದ್ಯರು ಸಿಟಿ ಸ್ಕ್ಯಾನ್ ಬರೆಯುವುದು ಅದಕ್ಕೇ.

ಇದನ್ನು ತಡೆಯುವ ಕೆಲಸ ಥರ್ಮಾಮೀಟರಿನಿಂದಲೇ ಶುರು. 100.4 ಡಿಗ್ರಿ ಮುಟ್ಟಿತೆಂದರೆ ಅದು ತುರ್ತು. ‘ಒಂದು ಮಾತ್ರೆ ಕೊಟ್ಟು ಬೆಳಿಗ್ಗೆ ನೋಡೋಣ’ ಎನ್ನುವುದೇ ಅಪಾಯ. ಪ್ಯಾರಾಸಿಟಮಾಲ್ ಜ್ವರವನ್ನು ಮುಚ್ಚುತ್ತದೆ, ಸೋಂಕನ್ನಲ್ಲ. ಆಸ್ಪತ್ರೆ ಮುಟ್ಟಿದ ಒಂದು ಗಂಟೆಯೊಳಗೆ ರಕ್ತದ ಕಲ್ಚರ್ ತೆಗೆದು ಆಂಟಿಬಯಾಟಿಕ್ ಡ್ರಿಪ್ ಶುರುವಾಗಬೇಕು. ನಡುರಾತ್ರಿ ಲೋಕಲ್ ರೈಲು ಇರುವುದಿಲ್ಲ. ಕಲ್ಯಾಣ, ವಿರಾರ್ ಕಡೆ ಇರುವವರು ರಾತ್ರಿ ಯಾವ ಆಸ್ಪತ್ರೆಗೆ ಹೋಗುವುದು, ಯಾವ ನಂಬರಿಗೆ ಫೋನ್ ಮಾಡುವುದು ಎಂದು ಡಿಸ್ಚಾರ್ಜ್ ಹೊತ್ತಿಗೇ ಕೇಳಿ ಫೈಲಿನ ಮೇಲೆ ಬರೆಸಿಕೊಳ್ಳಿ.

ಪಿಕ್ ಲೈನ್ ಮುಟ್ಟುವವರು ಯಾರೇ ಇರಲಿ, ಮೊದಲು ಕೈ ತೊಳೆಯಲಿ. ತುದಿಯ ಮುಚ್ಚಳವನ್ನು ಸ್ಪಿರಿಟ್ ಹತ್ತಿಯಿಂದ ಚೆನ್ನಾಗಿ ತಿಕ್ಕಿ, ಆರಿದ ಮೇಲೆಯೇ ಸಿರಿಂಜ್ ಜೋಡಿಸಬೇಕು. ಪಾರದರ್ಶಕ ಡ್ರೆಸಿಂಗ್ ವಾರಕ್ಕೊಮ್ಮೆ ಬದಲಾಗಬೇಕು. ಒದ್ದೆಯಾದರೆ, ಅಂಚು ಬಿಟ್ಟರೆ ಅಂದೇ. ಮುಂಬೈ ಮಳೆಗಾಲದ ತೇವದಲ್ಲಿ ಅದು ಬೇಗ ಬಿಡುತ್ತದೆ. ಲೈನ್ ಫ್ಲಶ್ ಮಾಡಿದ ಬೆನ್ನಿಗೇ ನಡುಕ ಬಂದರೆ ಸೋಂಕು ಲೈನಿನಲ್ಲೇ ಇರಬಹುದು. ನರ್ಸಿಗೆ ಹೇಳಲು ಹಿಂಜರಿಯಬೇಡಿ.

ರಕ್ತದ ದಾರಿಯಲ್ಲದೆ ಉಸಿರಿನಿಂದ ನೇರ ಶ್ವಾಸಕೋಶಕ್ಕಿಳಿಯುವ ಆಸ್ಪರ್ಜಿಲ್ಲಸ್ ಬೂಷ್ಟೂ ಇದೇ ವಾರಗಳಿಗೆ ಹೊಂಚುತ್ತದೆ. ಹಳೇ ಚಾಳು ಕೆಡವುವ ಧೂಳು, ಬೂಷ್ಟು ಹಿಡಿದ ಗೋಡೆ ಎರಡರಿಂದಲೂ ರೋಗಿಯನ್ನು ದೂರವಿಡಿ.

ಸ್ಟಿರಾಯ್ಡ್ ತೆಗೆದುಕೊಳ್ಳುವವರಿಗೆ ಜ್ವರವೇ ಬಾರದಿರಬಹುದು. ಚಳಿ ನಡುಕ, ಮಂಕು, ಏದುಸಿರು ಕಂಡರೆ, ಬೆರಳಿನ ಆಕ್ಸಿಮೀಟರ್ 94ಕ್ಕಿಂತ ಕೆಳಗೆ ತೋರಿಸಿದರೆ, ಥರ್ಮಾಮೀಟರ್ ಏನೇ ಹೇಳಲಿ, ಹೊರಡಿ.